ಚರ್ಮದ ಚೀಲ ಮತ್ತು ಕ್ಯೋಟೋದ ಅಮ್ಮ

2017ರ ನವೆಂಬರಿನಲ್ಲಿ ನನ್ನ ಯಜಮಾನರ ಕೆಲಸ ಹೋಯಿತು. ದುಬೈಯ ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಹದಿನಾರು ವರ್ಷ ದುಡಿದವರನ್ನು ಕಂಪನಿ ಒಂದು ಕಾಗದ ಕೊಟ್ಟು ಮನೆಗೆ ಕಳಿಸಿತು. ಅವರ ವೀಸಾ ಹೋದರೆ ಅವರ ಹೆಸರಿನಲ್ಲಿದ್ದ ನಮ್ಮ ಮಗ ನಿಖಿಲನದ್ದೂ ಹೋದ ಹಾಗೆ. ಮೂವತ್ತು ದಿನದೊಳಗೆ ಬೇರೆ ವೀಸಾ ಆಗದಿದ್ದರೆ ಇಬ್ಬರೂ ದೇಶ ಬಿಡಬೇಕು. ನಿಖಿಲ ಹತ್ತನೇ ತರಗತಿ, ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ನಾನು ಅಲ್ಲೇ ಗಣಿತದ ಟೀಚರ್. ಇಬ್ಬರನ್ನೂ ನನ್ನ ವೀಸಾಕ್ಕೆ ಸೇರಿಸಿಕೊಳ್ಳುವುದೊಂದೇ ದಾರಿ.

ಇಂಥ ಹೊತ್ತಿನಲ್ಲಿ ನಾನು ಜಪಾನಿಗೆ ಎಲೆ ನೋಡಲು ಹೋದೆ. ನಗಬೇಡಿ. ದುಬೈಯಲ್ಲಿ ಡಿಸೆಂಬರಿಗೆ ಸಿಗುವ ನ್ಯಾಷನಲ್ ಡೇ ರಜೆಗೆಂದು ನಾನು, ಗೆಳತಿ ನರ್ಸ್ ಫಿಲೋಮಿನಾ, ನಮ್ಮ ಬಿಲ್ಡಿಂಗಿನ ಜಯಕ್ಕ ಬೇಸಿಗೆಯಲ್ಲೇ ಟಿಕೆಟ್ ಮಾಡಿಸಿದ್ದೆವು. ಬೇಡ ಎಂದರೆ ಯಜಮಾನರು ಕೇಳಲಿಲ್ಲ. "ಕಾಗದ ಎಲ್ಲ ತಯಾರುಂಟು. ನೀನು ಬಂದು ಪಾಸ್‌ಪೋರ್ಟ್ ಕೊಟ್ರೆ ಮುಗೀತು. ಇಲ್ಲಿ ಕೂತು ನನ್ನ ಮುಖ ನೋಡಿದ್ರೆ ವೀಸಾ ಬರ್ತದಾ? ಹೋಗಿ ಬಾ" ಅಂದರು. ಗಡುವಿಗೆ ಇನ್ನೂ ಒಂಬತ್ತು ದಿನವಿತ್ತು.

ಕ್ಯೋಟೋದಲ್ಲಿ ಶನಿವಾರ ಬೆಳಿಗ್ಗೆ ಗುಡ್ಡದ ಮೇಲಿನ ಒಂದು ದೇವಾಲಯಕ್ಕೆ ಹೋದೆವು. ಮರಗಳೆಲ್ಲ ಕುಂಕುಮ ಚೆಲ್ಲಿದ ಹಾಗೆ ಕೆಂಪಾಗಿದ್ದವು. ಬಾಗಿಲಲ್ಲಿ ಶೂ ಬಿಚ್ಚಿ ಮರದ ಗೂಡಿನಲ್ಲಿಡಬೇಕು. ನನ್ನ ಹೆಗಲಲ್ಲಿ ಚರ್ಮದ ಸಣ್ಣ ಚೀಲ, ಅದರೊಳಗೆ ಪಾಸ್‌ಪೋರ್ಟ್. ಪ್ರವಾಸಿಗರು ಅದನ್ನು ಜೊತೆಗೇ ಇಟ್ಟುಕೊಳ್ಳಬೇಕೆಂಬುದು ಅಲ್ಲಿನ ನಿಯಮ. ನನಗೋ ಚಿಕ್ಕಂದಿನಿಂದ ಚರ್ಮದ್ದನ್ನು ಹಿಡಿದು ದೇವರ ಎದುರು ನಿಂತು ಗೊತ್ತಿಲ್ಲ. ಚೀಲವನ್ನು ಗೂಡಿನೊಳಗೆ ಶೂಗಳ ಹಿಂದಕ್ಕೆ ತಳ್ಳಿದೆ.

"ಪಾಸ್‌ಪೋರ್ಟ್ ಯಾರಾದ್ರೂ ಹೊರಗೆ ಇಡ್ತಾರಾ ಮಾರಾಯ್ತಿ?" ಅಂದಳು ಫಿಲೋಮಿನಾ.

"ಒಳಗೆ ಅಮ್ಮ ಇದ್ದಾಳೆ. ಚರ್ಮ ಬೇಡ" ಅಂದೆ.

ಒಳಗೆ ಇದ್ದದ್ದು ಕನ್ನೋನ್ ಎಂಬ ಕರುಣೆಯ ದೇವತೆ. ನನಗೆ ನಮ್ಮೂರ ದುರ್ಗಾಪರಮೇಶ್ವರಿಯನ್ನೇ ಕಂಡಂತಾಯಿತು. ಕೈಮುಗಿದು, ಹಜಾರದಲ್ಲಿ ಕೂತು ಎಲೆ ನೋಡಿ, ಬಸ್ಸು ತಪ್ಪೀತೆಂದು ಓಡಿ ಬಂದು ಶೂ ಹಾಕಿಕೊಂಡೆವು. ಚೀಲ ಗೂಡಿನಲ್ಲೇ ಉಳಿಯಿತು. ಮಕ್ಕಳಿಗೆ "ಉತ್ತರ ಇನ್ನೊಮ್ಮೆ ನೋಡಿ" ಎಂದು ಇಪ್ಪತ್ತು ವರ್ಷದಿಂದ ಹೇಳುವವಳು ನಾನು.

ಸಂಜೆ ಹೋಟೆಲಿಗೆ ಬಂದಾಗ ಯಜಮಾನರ ಫೋನು. ಅವರು ಟೈಪಿಂಗ್ ಸೆಂಟರಿನಲ್ಲಿ ಅರ್ಜಿ ತುಂಬಿಸುತ್ತಿದ್ದರು. "ನಿನ್ನ ವೀಸಾ ಪೇಜಿನ ಒಂದು ಫೋಟೋ ಕಳಿಸು." ಹೆಗಲಿಗೆ ಕೈ ಹಾಕಿದೆ. ಚೀಲವಿಲ್ಲ. ಆಗ ಶೂ ಗೂಡು ನೆನಪಾಯಿತು. ಆಮೇಲೆ ಕಳಿಸುತ್ತೇನೆಂದು ಸುಳ್ಳು ಹೇಳಿ ಫೋನಿಟ್ಟೆ.

ಮೂವರೂ ಬಸ್ಸು ಹಿಡಿದು ಓಡಿದೆವು. ದೇವಾಲಯದ ದೊಡ್ಡ ಬಾಗಿಲು ಮುಚ್ಚಿತ್ತು. ಫೋನ್ ಯಾರೂ ಎತ್ತಲಿಲ್ಲ. ಪಾಸ್‌ಪೋರ್ಟ್ ಕಳೆದರೆ ಭಾರತದ ಕಚೇರಿಯವರು ಊರಿಗೆ ಹೋಗಲು ತುರ್ತು ಕಾಗದ ಕೊಡಬಹುದು, ದುಬೈಗೆ ಹೋಗಲು ಅಲ್ಲ ಎಂದು ಫಿಲೋಮಿನಾ ಮೊಬೈಲಿನಲ್ಲಿ ಓದಿ ಹೇಳಿದಳು. ಹೇಳಿದ ಮೇಲೆ ಯಾಕೆ ಹೇಳಿದೆನೋ ಎಂಬಂತೆ ನನ್ನ ಕೈ ಹಿಡಿದುಕೊಂಡಳು.

ನಾನು ಆ ಬಾಗಿಲಿನ ಮೆಟ್ಟಿಲಲ್ಲೇ ಕೂತು ಅತ್ತೆ. ಹರಕೆ ಹೊರಲೂ ನಾಚಿಕೆಯಾಯಿತು, ತಪ್ಪು ನನ್ನದೇ. ಕೊನೆಗೆ ಸಿಟ್ಟೇ ಬಂತು. "ಅಮ್ಮಾ, ನಿನ್ನ ಮರ್ಯಾದೆಗೆಂದು ಅದನ್ನು ಹೊರಗಿಟ್ಟವಳು ನಾನು. ಇನ್ನು ಅದರ ಜವಾಬ್ದಾರಿ ನಿನ್ನದು. ಹುಡುಗನ ವರ್ಷ ಹಾಳು ಮಾಡಬೇಡ" ಎಂದು ಮುಚ್ಚಿದ ಬಾಗಿಲಿಗೆ ಹೇಳಿದೆ. ಪಕ್ಕದಲ್ಲಿ ಫಿಲೋಮಿನಾ ಜಪಸರ ಹಿಡಿದಿದ್ದಳು. ಜಯಕ್ಕ ಮಾತ್ರ, "ನಾಳೆ ರಾತ್ರಿ ತನಕ ವಿಮಾನ ಇಲ್ಲ. ಬೆಳಿಗ್ಗೆ ಬರುವ, ಏಳು" ಅಂದರು.

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ನಾವು ಅಲ್ಲಿದ್ದೆವು. ಹೋಟೆಲಿನ ಹುಡುಗಿ ಜಪಾನಿಯಲ್ಲಿ ಒಂದು ಚೀಟಿ ಬರೆದುಕೊಟ್ಟಿದ್ದಳು. ತೆರೆದ ಕೂಡಲೇ ಶೂ ಗೂಡಿಗೆ ಕೈ ಹಾಕಿದೆ. ಖಾಲಿ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಶೂ ಕಾಯುವ ಮುದುಕಿ ಚೀಟಿ ಓದಿ, ಒಳಗೆ ಬರುವಂತೆ ಕೈಸನ್ನೆ ಮಾಡಿದಳು. ಹಿಂದೆಯೇ ಹೋದೆವು. ಆಕೆ ನಿಂತದ್ದು ಕನ್ನೋನಿನ ಮೂರ್ತಿಯ ಎದುರು. ಅಲ್ಲಿ ದೀಪದ ಪಕ್ಕ, ಮರದ ಮಣೆಯ ಮೇಲೆ, ನೇರಳೆ ಬಟ್ಟೆಯ ಮೇಲೆ ನನ್ನ ಚರ್ಮದ ಚೀಲ.

ಅಲ್ಲಿದ್ದ ಯುವ ಸನ್ಯಾಸಿ ಹರಕು ಇಂಗ್ಲಿಷಿನಲ್ಲಿ ವಿವರಿಸಿದರು. "ಯಾರಿಗೋ ಬಹಳ ಬೇಕಾದ ವಸ್ತು ಅಂತ ಅಜ್ಜಿ ತಂದುಕೊಟ್ಟರು. ಒಡೆಯರು ಬರುವ ತನಕ ನೋಡಿಕೊಳ್ಳಲು ಆಕೆಗೆ ಒಪ್ಪಿಸಿದೆವು." ಹೇಳುತ್ತಾ ಮೂರ್ತಿಯ ಕಡೆ ತಲೆಬಾಗಿದರು.

ದೇವರ ಎದುರು ತರಬಾರದೆಂದು ನಾನು ಶೂಗಳ ಹಿಂದೆ ತಳ್ಳಿದ್ದನ್ನು ಅಮ್ಮ ರಾತ್ರಿಯಿಡೀ ತನ್ನ ಕಾಲ ಬುಡದಲ್ಲಿ ಇಟ್ಟುಕೊಂಡಿದ್ದಳು. ಉದ್ದಂಡ ನಮಸ್ಕಾರ ಮಾಡಿದೆ. ಆ ಅಜ್ಜಿಯ ಕಾಲಿಗೂ ಬೀಳಹೋದೆ, ಆಕೆ ಗಾಬರಿಯಾಗಿ ತಾನೇ ನನಗೆ ಬಗ್ಗಿದಳು. ಜಯಕ್ಕ ಕಣ್ಣೊರೆಸಿಕೊಂಡು, "ಈ ಬಗ್ಗಾಟ ಮುಗಿಯುವಾಗ ವಿಮಾನ ಹೋಗ್ತದೆ" ಅಂದರು.

ಸೋಮವಾರ ವಿಮಾನದಿಂದಿಳಿದು ನೇರ ಹೋಗಿ ಪಾಸ್‌ಪೋರ್ಟ್ ಕೊಟ್ಟೆವು. ಗಡುವಿಗೆ ಎರಡು ದಿನ ಇರುವಾಗ ಎರಡೂ ವೀಸಾ ಆದವು. ಸುದ್ದಿ ಹೇಳಿದಾಗ ನಿಖಿಲ, "ಸೋ ಐ ಕ್ಯಾನ್ ಸ್ಟೇ?" ಅಂದ. ಆಮೇಲೆ ಕೋಣೆಗೆ ಹೋಗಿ ಮಂಚದಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದ. ತನ್ನ ಪಠ್ಯಪುಸ್ತಕಗಳನ್ನು ಕಿರಿಯ ಗೆಳೆಯನಿಗೆ ಕೊಡಲು ಹೆಸರು ಬರೆದು ಕಟ್ಟಿಟ್ಟಿದ್ದ. ನಮಗೆ ಗೊತ್ತೇ ಇರಲಿಲ್ಲ. ಟೇಪು ಕೀಳುತ್ತಾ ಹದಿನೈದು ವರ್ಷದ ಹುಡುಗ ಅತ್ತುಬಿಟ್ಟ.

ಇದನ್ನು ಕೇವಲ ಜಪಾನಿಯರ ಒಳ್ಳೆಯತನ ಅನ್ನುವವರಿದ್ದಾರೆ. ಇರಲಿ, ಆ ಒಳ್ಳೆಯತನವೂ ಅಮ್ಮನದೇ ಎಂದು ನಾನು ನಂಬಿದ್ದೇನೆ. ಕಷ್ಟದಲ್ಲಿರುವವರು ಅವಳಲ್ಲಿ ಜಗಳವಾಡಿಯಾದರೂ ಕೇಳಿ, ಅವಳಿಗೆ ಬೇಸರವಿಲ್ಲ. ನಾನೀಗ ಪಾಸ್‌ಪೋರ್ಟನ್ನು ಬಟ್ಟೆಯ ಚೀಲದಲ್ಲಿಟ್ಟು ಅವಳೆದುರಿಗೇ ಒಯ್ಯುತ್ತೇನೆ. ಮಾರ್ಚಿನಲ್ಲಿ ನಿಖಿಲ ತನ್ನ ಶಾಲೆಯಲ್ಲೇ, ತನ್ನ ಬೆಂಚಿನಲ್ಲೇ ಕೂತು ಪರೀಕ್ಷೆ ಬರೆದ. ಅಮ್ಮಾ, ನಿನಗೆ ಶರಣು.