ಯುದ್ಧದ ಚಿತ್ರದಲ್ಲಿದ್ದ ಕಬ್ಬಿನ ಗದ್ದೆ

ಮಾನ್ಯ ಓದುಗರೇ, ನನ್ನ ಕಾಗುಣಿತವನ್ನೂ ಸೊಟ್ಟ ಕೈಬರಹವನ್ನೂ ಮೊದಲಿಗೇ ಮನ್ನಿಸಬೇಕಾಗಿ ಕೋರುತ್ತೇನೆ.

ಮಳವಳ್ಳಿಯ ಸರ್ಕಾರಿ ಕಚೇರಿಯಲ್ಲಿರುವ ಯುದ್ಧದ ಚಿತ್ರವನ್ನು ಬರೆದವರು, ಅಂಗಡಿ ಬೋರ್ಡು ಬರೆಯುತ್ತಿದ್ದ ನನ್ನ ದಿವಂಗತ ತಂದೆಯವರು. ಇನ್ನೂರು ವರ್ಷಗಳ ಹಿಂದೆ ಇದೇ ಬಯಲಿನಲ್ಲಿ ಬ್ರಿಟಿಷರೊಡನೆ ಕಾದಾಡಿದ ಸುಲ್ತಾನರ ಸೈನ್ಯದ ಹಿಂದೆ ಅವರು ಆಳೆತ್ತರದ ಕಬ್ಬು ಬರೆದಿದ್ದರು. ಆ ಕಾಲದಲ್ಲಿ ಇಲ್ಲಿಗೆ ನಾಲೆಯೇ ಬಂದಿರಲಿಲ್ಲವೆಂದು ಯಾರೋ ಆಕ್ಷೇಪಿಸಿದಾಗ, "ಕಬ್ಬಿಲ್ದಿರೋ ಬಯ್ಲು ಎಂಗಿರ್ತದೆ ಅಂತ ನಾನೆಲ್ಲಿ ಕಂಡಿವ್ನಿ?" ಎಂದಿದ್ದರು. ಅವರ ಕೈಕೆಲಸವಾಗಿ ಉಳಿದಿರುವುದು ಅದೊಂದೇ.

ಕಳೆದ ತಿಂಗಳು ಪಹಣಿಗೆಂದು ಹೋದಾಗ ಕಚೇರಿಗೆ ಹೊಸದಾಗಿ ಬಣ್ಣ ಹೊಡೆಸಿದ್ದರು. ಚಿತ್ರದಲ್ಲಿ ಕಬ್ಬಿರಲಿಲ್ಲ, ಬರಿಯ ಕೆಂಪು ನೆಲವಿತ್ತು. ಜವಾನರನ್ನು ವಿಚಾರಿಸಿದೆ.

"ಯಾರೂ ಮುಟ್ಟಿಲ್ಲ ಕಣಮ್ಮ. ಧೂಳು ಒರೆಸುದ್ವಿ, ಅಷ್ಟೇಯ."

"ಧೂಳಿನ ಜೊತೆ ಕಬ್ಬೂ ಓಯ್ತಾ?"

"ಕಟಾವಾಗಿರ್ಬೇಕು ಬುಡು," ಎಂದು ನಕ್ಕವರು ಸಾಹೇಬರ ಕೋಣೆಯ ಕಡೆ ಕಣ್ಣು ಹಾಯಿಸಿದರು.

ಆ ನೋಟ ನನಗೆ ಸರಿಬರಲಿಲ್ಲ. ಹತ್ತಿರ ಹೋಗಿ ಉಗುರಿನಿಂದ ಮೆಲ್ಲನೆ ಕೆರೆದೆ. ಕೆಂಪು ಬಣ್ಣ ಇನ್ನೂ ಮೆತ್ತಗಿತ್ತು. ಅಡಿಯಲ್ಲಿ ಹಸಿರು ಇಣುಕಿತು. ಜವಾನರು ತಮಗೇನೂ ಕಾಣದವರಂತೆ ಬಾಗಿಲ ಕಡೆ ತಿರುಗಿ ನಿಂತರು. ಕಬ್ಬಿನ ಒಂದು ಗರಿ ಪೂರ್ತಿ ಕಾಣುವವರೆಗೂ ನಾನು ಕೈ ತೆಗೆಯಲಿಲ್ಲ.

ಸದರಿ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ತಾವೇ ತಿದ್ದಿಕೊಡಬೇಕೆಂದು ವಿನಂತಿ.