ಬಾಟ್ಲಿ ಬರ್ಕೋರಿ

ಮೊನ್ನೆ ಮೈಲೂರಿನ ಔಷಧಿ ಅಂಗಡಿಯಲ್ಲಿ ಅಮ್ಮನ ಇನ್ಸುಲಿನ್‌ಗಾಗಿ ಕಾಯುತ್ತಿದ್ದೆ. ಅಂಗಡಿಯವನು ಥರ್ಮಾಕೋಲ್ ಡಬ್ಬಿಯ ಮುಚ್ಚಳ ತೆಗೆದ. ಹಲ್ಲು ಜುಮ್ಮೆನ್ನಿಸುವ ಕಿರ್ ಎನ್ನುವ ಸದ್ದು, ಹಿಂದೆಯೇ ಮಂಜುಗಡ್ಡೆಯ ತಣ್ಣನೆ ಗಾಳಿ. ಅಷ್ಟಕ್ಕೇ ಮೂಗಿಗೆ ಒದ್ದೆ ಉಣ್ಣೆಯ ವಾಸನೆ ಬಂತು. ಅಂಗಡಿಯಲ್ಲಿ ಉಣ್ಣೆ ಇರಲಿಲ್ಲ. ಆದ್ದರಿಂದ ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೂ ಅದರೊಳಗೆ ಕಂಪೌಂಡರ್ ಕಾಕಾ ನಿಂತಿದ್ದರು.

ಅವರು ನನಗೆ ಸಂಬಂಧದಿಂದ ಕಾಕಾ ಅಲ್ಲ. ಕುರಿಗಾರರ ಸಂಘವೊಂದರಲ್ಲಿ ಕುರಿಗಳಿಗೆ ಲಸಿಕೆ ಹಾಕುವವರು. ಭಾಲ್ಕಿಯಿಂದ ಔರಾದವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಸಂಘಕ್ಕೆ ಒಂದು ಮೊಬೈಲ್ ಆ್ಯಪ್ ಬೇಕಿತ್ತು. ಯಾವ ಹಟ್ಟಿಗೆ ಎಷ್ಟು ಲಸಿಕೆ ಬೇಕು ಅಂತ ಮೊದಲೇ ತಿಳಿಯಬೇಕು, ಬೀದರ್ ಪಕ್ಕದ ಕೊಳಾರದ ಗೋದಾಮಿನಲ್ಲಿ ಪ್ರತಿ ವರ್ಷ ಲಸಿಕೆ ಉಳಿದು ಕೆಡುವುದು ನಿಲ್ಲಬೇಕು. ಕೆಲಸ ಹಿಡಿದ ಬೀದರಿನ ಸಣ್ಣ ಕಂಪನಿಯಲ್ಲಿ ನಾನು ಹೊಸಬಳು, ಕೆಲಸ ಇನ್ನೂ ಕಾಯಂ ಆಗದವಳು. ಜನರನ್ನು ಕೂರಿಸಿ ಕೇಳುವುದು, ಅವರಿಗೆ ಬೇಕಾದದ್ದನ್ನು ಬರೆಯುವುದು, ಪುಟಪುಟಕ್ಕೂ ಹೇಳಿದವರ ಸಹಿ ಹಾಕಿಸಿಕೊಳ್ಳುವುದು ನನ್ನ ಪಾಲಿನದು. ಸಂಘದ ಪರವಾಗಿ ಹೇಳುವವರು ಕಾಕಾ. ಸಹಿಯಾದ ಮೇಲೆ ಆ ಬರಹವೇ ಆಖೈರು. ಪ್ರೋಗ್ರಾಂ ಬರೆಯುವವರು ಅದರಾಚೆ ಏನನ್ನೂ ನೋಡುವುದಿಲ್ಲ.

ಮೊದಲ ದಿನ ಕಾಕಾ ಮೋಟರ್‌ಸೈಕಲ್ ಮೇಲೆ ಭಾತಂಬ್ರಾ ಹತ್ತಿರದ ಒಂದು ಹಟ್ಟಿಗೆ ಕರೆದೊಯ್ದರು. ನಿಮ್ಮಲ್ಲಿ ಎಷ್ಟು ಕುರಿ ಇವೆ ಎಂಬುದು ನನ್ನ ಪಟ್ಟಿಯ ಮೊದಲ ಪ್ರಶ್ನೆ. ಹಟ್ಟಿಯ ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿನ್ನ ತಲಿಮ್ಯಾಲ ಎಷ್ಟ ಕೂದಲ ಅವ, ಬಾಯಿ? ಮೊದಲ ಅದನ್ನ ಹೇಳು, ಆಮ್ಯಾಲ ನಾ ಹೇಳ್ತೇನಿ."

ಸುತ್ತಲಿದ್ದವರು ನಕ್ಕರು. ಕಾಕಾ ನಗಲಿಲ್ಲ. ಹೋದ ವರ್ಷ ಲಸಿಕೆ ಮೂರು ಬಾಟ್ಲಿ ಹಿಡಿದಿತ್ತು, ಈ ಸಲ ಎಷ್ಟು ತರಲಿ ಅಂತ ಅವರು ಕೇಳಿದರು. ಮುದುಕಿ ಹಿಂಡಿನ ಮೇಲೆ ಒಮ್ಮೆ ಕಣ್ಣಾಡಿಸಿ, ಇನ್ನೊಂದು ಹೆಚ್ಚಿಗೆ ಇರಲಿ ಅಂದಳು. ಮಾತು ಮುಗಿಯಿತು.

ವಾಪಸ್ ಬರುವಾಗ ಕಾಕಾ ಬಿಡಿಸಿ ಹೇಳಿದರು. ಕುರಿಯನ್ನು ಎಣಿಸಿ ಬಾಯಿಬಿಟ್ಟು ಹೇಳಿದರೆ ಹಿಂಡು ಇಳಿಯುತ್ತದೆ ಎಂಬುದು ಹಟ್ಟಿಯವರ ನಂಬಿಕೆ. ಒತ್ತಾಯ ಮಾಡಿದರೆ ಹೇಳುತ್ತಾರೆ, ಆದರೆ ದೃಷ್ಟಿ ತಾಗದಿರಲಿ ಅಂತ ಅರ್ಧ ಹೇಳುತ್ತಾರೆ. ಬಾಟ್ಲಿ ಕೇಳಿದರೆ ಮಾತ್ರ ಸುಳ್ಳಾಡುವುದಿಲ್ಲ. ಒಂದು ಬಾಟ್ಲಿಗೆ ಐವತ್ತು ಕುರಿ. ನಾನು ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ.

"ಬಾಟ್ಲಿ ಬರ್ಕೋರಿ ಮೇಡಂ, ಕುರಿ ಬರ್ಕೋಬ್ಯಾಡ್ರಿ. ನಿಮ್ಮ ಮನ್ಯಾಗ ಊಟಕ್ಕ ಕುಂತವರ ತುತ್ತ ಎಣಸ್ತೀರೇನ್ರಿ?"

ಬರೆದುಕೊಂಡೆ. ಆಮೇಲೆ ಆ ಸಾಲು ಹೀಗೆ ಬದಲಾಯಿತು: ಕುರಿಗಳ ಸಂಖ್ಯೆ, ಮಾಲೀಕರು ಹೇಳಿದಂತೆ, ತುಂಬಲೇಬೇಕು... ಬಹಳ ವರ್ಷ ನಾನು ಹೇಳಿಕೊಂಡು ಬಂದದ್ದು, ಆ ಬದಲಾವಣೆ ಮಾಡಿದವರು ನನ್ನ ಮೇಲಿನ ಹಿರಿಯರು ಅಂತ. ಬಾಟ್ಲಿಯ ಅಳತೆ ನಾಳೆ ಬದಲಾಗಬಹುದು ಎಂದು ಅವರು ವಾದಿಸಿದ್ದು, ಅವರ ಕೈಯಲ್ಲಿದ್ದ ಕೆಂಪು ಪೆನ್ನು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಈ ಲೇಖನಕ್ಕಾಗಿ ಹಳೆಯ ಫೈಲ್ ತೆರೆದೆ. ಯಾವ ಸಾಲನ್ನು ಯಾರು ತಿದ್ದಿದರು ಎಂಬುದು ಅದರಲ್ಲಿ ಇರುತ್ತದೆ. ಆ ಸಾಲಿನ ಮುಂದೆ ನನ್ನ ಹೆಸರಿದೆ. ಕೆಂಪು ಪೆನ್ನು ಎಲ್ಲಿಂದ ಬಂತೋ ಗೊತ್ತಿಲ್ಲ.

ಸಹಿಗೆ ಔರಾದಕ್ಕೆ ಹೋದ ದಿನ, ಮಳೆಗಾಲಕ್ಕೆ ಇನ್ನೂ ಎರಡು ತಿಂಗಳಿದ್ದರೂ, ಮೋಡ ಕಟ್ಟಿತ್ತು. ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲು ಮೇಯ್ದರೆ ಕುರಿಗೆ ಕರುಳು ಬೇನೆ ಬರುತ್ತದೆ. ಬೆಳಿಗ್ಗೆ ಚೆನ್ನಾಗಿದ್ದದ್ದು ಸಂಜೆಗೆ ಇಲ್ಲ. ಲಸಿಕೆ ಅದಕ್ಕೂ ಮುಂಚೆ ಬೀಳಬೇಕು. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕಾಕಾ ಆರು ಪುಟಕ್ಕೆ ಸಹಿ ಹಾಕಿದರು. ಏಳನೆಯದರಲ್ಲಿ ಅವರ ಬೆರಳು ನಿಂತಿತು.

"ಇದು ನಾ ಹೇಳಿದ್ದಲ್ರಿ."

ಇವತ್ತು ಸಹಿ ಆಗದಿದ್ದರೆ ಆ್ಯಪ್ ಶುರುವಾಗುವುದಿಲ್ಲ, ಲಸಿಕೆಯ ಆರ್ಡರ್ ತಡವಾಗುತ್ತದೆ ಅಂದೆ. ಅದು ಅರ್ಧ ನಿಜ. ಆರ್ಡರನ್ನು ಹಳೆಯ ರೀತಿಯಲ್ಲೂ ಕಳಿಸಬಹುದಿತ್ತು. ತಡವಾದರೆ ಕಾಯಂ ಆಗದೆ ಉಳಿಯುವವಳು ನಾನು. ಅವರು ಅಂಗಡಿಯ ತಗಡಿನಾಚೆ ಆಕಾಶ ನೋಡಿದರು.

"ಕುರಿ ಸಲುವಾಗಿ ದಸ್ತಖತ್ ಹಾಕ್ತೇನಿ. ನಿಮ್ಮ ಕಾಗದದ ಸಲುವಾಗಿ ಅಲ್ಲ."

ಆ ವರ್ಷ ಹಟ್ಟಿಗಳಿಗೆ ಫೋನು ಹಿಡಿದು ಹೋದವರು ಸಂಘದ ಕಚೇರಿಯವರು. ಅವರು ಎಷ್ಟು ಕುರಿ ಅಂತ ಕೇಳಿದರು. ಹಟ್ಟಿಯವರು ಅರ್ಧ ಹೇಳಿದರು. ಅಷ್ಟೇ ಲಸಿಕೆ ಬಂತು. ಔರಾದ ಕಡೆಯ ಹಟ್ಟಿಗಳಲ್ಲಿ ಕಾಕಾ ಮರಿಗಳಿಗೂ ಗಬ್ಬದ ಕುರಿಗಳಿಗೂ ಮೊದಲು ಹಾಕಿ, ಖಾಲಿ ಥರ್ಮಾಕೋಲ್ ಡಬ್ಬಿ ಹಿಡಿದು ಕೊಳಾರಕ್ಕೆ ಓಡಿದರು. ಅಲ್ಲಿ ಒಂದು ಬಾಟ್ಲಿಯೂ ಇರಲಿಲ್ಲ. ಅಷ್ಟರಲ್ಲಿ ಮಳೆ ಬಂತು.

ಸತ್ತ ಕುರಿಗಳ ಸುದ್ದಿ ಬಂದ ವಾರ ಬೀದರಿನ ಸಂಘದ ಕಚೇರಿಯಲ್ಲಿ ಸಭೆ ಕೂಡಿತು. ಅಧ್ಯಕ್ಷರು ಏಳನೆಯ ಪುಟ ತೆರೆದು ಮೇಜಿನ ಮೇಲಿಟ್ಟರು. ಈ ಸಹಿ ನಿಮ್ಮದೇ ತಾನೆ ಅಂತ ಕಾಕಾ ಅವರನ್ನು ಕೇಳಿದರು. ನನ್ನ ಚೀಲದೊಳಗಿನ ಫೋನಿನಲ್ಲಿ ಕಾಕಾ ಆಡಿದ ಆ ಬಾಟ್ಲಿಯ ಮಾತು ಇಡಿಯಾಗಿ ಇತ್ತು. ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು.

"ನಂದೇ ಅದರಿ," ಅಂದರು ಕಾಕಾ.

ಆಗ ಅವರು ನನ್ನ ಕಡೆ ನೋಡಿದರು ಅಂತ ಮೊದಲು ಬರೆದೆ, ಅಳಿಸಿದೆ. ನೋಡಲಿಲ್ಲ ಅಂತ ಬರೆದೆ. ನಿಜವೆಂದರೆ ನಾನು ತಲೆ ಎತ್ತಿರಲಿಲ್ಲ. ಮರುವಾರ ಅವರು ಸಂಘದಲ್ಲಿ ಇರಲಿಲ್ಲ. ನನ್ನ ಕೆಲಸ ಕಾಯಂ ಆಯಿತು.

ಈಗ ಅದೇ ಸಂಘ ಆ್ಯಪನ್ನು ಹೊಸದಾಗಿ ಮಾಡಿಸುತ್ತಿದೆ. ಬರೆಯಲು ನನ್ನನ್ನೇ ಕರೆದಿದ್ದಾರೆ. ಇಷ್ಟು ವರ್ಷದ ದಾಖಲೆ ತೆಗೆದು ಹಟ್ಟಿಗಳ ಕುರಿಸಂಖ್ಯೆ ನೋಡಿದೆ. ಮೊದಲ ವರ್ಷ ಬಿಟ್ಟರೆ ಎಲ್ಲ ಕಡೆ ಐವತ್ತು, ನೂರು, ನೂರೈವತ್ತು, ಇನ್ನೂರು. ಅರವತ್ತಮೂರು ಎಂಬಂಥ ಬಿಡಿ ಸಂಖ್ಯೆ ಒಂದೂ ಇಲ್ಲ. ಎರಡನೆಯ ವರ್ಷದಿಂದ ಆ್ಯಪ್ ತುಂಬುತ್ತಿರುವವರು ಲಸಿಕೆ ಹಾಕುವವರೇ; ಔರಾದದಲ್ಲಿ ಅವರನ್ನು ಕೇಳಿದೆ. ಸಂಘ ಬಿಡುವಾಗ ಕಾಕಾ ಹೇಳಿಕೊಟ್ಟು ಹೋದದ್ದಂತೆ: ಬಾಟ್ಲಿ ಕೇಳ್ರಿ, ಐವತ್ತರಿಂದ ಗುಣಿಸಿ ತುಂಬ್ರಿ, ಯಾರಿಗೂ ಹೇಳಬ್ಯಾಡ್ರಿ. ಕಾಕಾ ತೀರಿಕೊಂಡು ಎರಡು ಮಳೆಗಾಲ ಕಳೆದವು ಎಂಬುದೂ ಅವರಿಂದಲೇ ತಿಳಿಯಿತು.

ಹೊಸ ಬರಹದಲ್ಲಿ ಬಾಟ್ಲಿಗಳ ಸಂಖ್ಯೆ ಅಂತಲೇ ಬರೆದೆ. ಹೇಳಿದವರು ಯಾರು ಎಂಬ ಕಾಲಂನಲ್ಲಿ ಕಾಕಾ ಅವರ ಹೆಸರು ಹಾಕಿದೆ. ಸಂಘದವರು ಓದಿ ಸಹಿ ಮಾಡಿದರು. ಯಾರೂ ಏನೂ ಕೇಳಲಿಲ್ಲ. ಆವತ್ತಿನ ಸಭೆಯಲ್ಲಿದ್ದವರು ಈಗ ಅಲ್ಲಿ ಒಬ್ಬರೂ ಇಲ್ಲ... ರೆಕಾರ್ಡಿಂಗ್ ಮಾತ್ರ ನನ್ನ ಹತ್ತಿರ ಇನ್ನೂ ಇದೆ. ಕೇಳಬೇಕಾಗಿದ್ದವರಿಗೆ ನಾನು ಕೇಳಿಸಲಿಲ್ಲ.