ಎರಡನೇ ಸುತ್ತಿನ ಪಿಕ್

ಅಮೆರಿಕದ ಬಾಸ್ಕೆಟ್‌ಬಾಲ್ ಪಂದ್ಯಗಳು ನಮಗೆ ಬೆಳಿಗ್ಗೆ ಸಿಗುತ್ತವೆ. ಪೀಣ್ಯದಲ್ಲಿ ಜನ ಮೆಟ್ರೋ ಇಳಿದು ಕಾರ್ಖಾನೆ ಗೇಟಿನ ಕಾರ್ಡ್ ಪಂಚಿಂಗ್‌ಗೆ ಓಡುವ ಹೊತ್ತಿಗೆ ಅಲ್ಲಿ ಕೊನೆಯ ಕ್ವಾರ್ಟರ್ ನಡೆಯುತ್ತಿರುತ್ತದೆ. ನಾನೂ ನನ್ನ ಗೆಳೆಯನೂ ಒಂದೇ ಫೋನಿಗೆ ಕಣ್ಣು ನೆಟ್ಟು ನಡೆಯುತ್ತಿದ್ದೆವು. ನಮ್ಮ ತಂಡ ಸೋಲುತ್ತಿರುತ್ತಿತ್ತು. ಗೆಲ್ಲುವ ತಂಡವನ್ನು ಮೆಚ್ಚುವ ಯೋಗ ನಮ್ಮಿಬ್ಬರ ಹಣೆಯಲ್ಲೂ ಬರೆದಿರಲಿಲ್ಲ.

ಅವನು ಬಾಗಲಕೋಟೆ ಕಡೆಯವನು, ಕಾಲೇಜಿನಲ್ಲಿದ್ದಾಗ ಜಿಲ್ಲಾ ತಂಡಕ್ಕೆ ಆಡಿದವನು. ನಮ್ಮ ಕಾರ್ಖಾನೆಯಲ್ಲಿ ಲೇತ್ ಮುಂದೆ ದಿನವಿಡೀ ನಿಂತು ಕೆಲಸ ಮಾಡುತ್ತಿದ್ದ, ಕಾಂಟ್ರಾಕ್ಟ್ ಮೇಲೆ. ಅವನು ಮಾಡಿದ್ದನ್ನು ಅಳೆದು ನೋಡುವ ಕ್ವಾಲಿಟಿಯವನು ನಾನು, ಪರ್ಮನೆಂಟ್. ಆಟದಲ್ಲಿ ಪೆಟ್ಟಾಗಿದ್ದ ಅವನ ಬಲ ಮೊಣಕಾಲು ಎರಡು ವರ್ಷದಿಂದ ಊದಿಕೊಳ್ಳುತ್ತಿತ್ತು. ಅದು ನನಗೊಬ್ಬನಿಗೇ ಗೊತ್ತಿತ್ತು. ಮೆಟ್ರೋ ಮೆಟ್ಟಿಲನ್ನು ನನ್ನ ಹೆಗಲು ಹಿಡಿದು ಇಳಿಯುತ್ತಿದ್ದವನು ಕಾರ್ಖಾನೆಯ ಗೇಟು ಕಾಣುತ್ತಲೇ ಕೈ ತೆಗೆದು ನೆಟ್ಟಗೆ ನಡೆಯುತ್ತಿದ್ದ. ನಿಲ್ಲಲಾಗದವನನ್ನು ಕಾಂಟ್ರಾಕ್ಟಿನಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ.

ಆ ದಿನ ನಮ್ಮ ತಂಡ, ಹೆಚ್ಚಾಗಿ ಬೆಂಚಿನ ಮೇಲೇ ಕೂರುತ್ತಿದ್ದ ಒಬ್ಬ ಹಳೆಯ ಆಟಗಾರನನ್ನು ಬೇರೆ ತಂಡಕ್ಕೆ ಕೊಟ್ಟಿತ್ತು. ಬದಲಿಗೆ ಸಿಕ್ಕಿದ್ದು ನಾಲ್ಕು ವರ್ಷದ ನಂತರದ ಡ್ರಾಫ್ಟಿನಲ್ಲಿ ಎರಡನೇ ಸುತ್ತಿನ ಒಂದು ಪಿಕ್. ಅಂದರೆ, ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಒಳ್ಳೆಯವರೆಲ್ಲ ಖಾಲಿಯಾದ ಮೇಲೆ ಉಳಿದವರಲ್ಲೊಬ್ಬನನ್ನು ಆರಿಸುವ ಹಕ್ಕು. ಹತ್ತು ಗಂಟೆಯ ಟೀ ಹೊತ್ತಿನಲ್ಲಿ, ಗೇಟಿನೆದುರಿನ ಅಂಗಡಿಯಲ್ಲಿ ನಮ್ಮಿಬ್ಬರಿಗೆ ಇದೇ ಜಗಳ.

"ಎಂಟು ವರ್ಷ ಆಡ್ಯಾನಲೇ ಆ ಮನಷ್ಯಾ. ಅವನ್ನ ಕೊಟ್ಟು, ಇನ್ನಾ ಹೈಸ್ಕೂಲ್‌ನ್ಯಾಗಿರೋ ಯಾವನೋ ಹುಡುಗನ ಹೆಸರಿಗೆ ಚೀಟಿ ತಗೊಂಡು ಬಂದಾರ," ಎಂದ ಅವನು. ನಿಜವಾಗಿಯೂ ನೊಂದುಕೊಂಡಿದ್ದ.

ನಾನೋ ಇಂಥದ್ದರಲ್ಲಿ ಮಹಾ ಪಂಡಿತ. ವಯಸ್ಸು, ಪೆಟ್ಟು, ಉಳಿದಿರುವ ಕಾಂಟ್ರಾಕ್ಟು ಇಷ್ಟು ಗೊತ್ತಿದ್ದರೆ ಯಾರ ಬೆಲೆಯನ್ನಾದರೂ ಕಟ್ಟಿಬಿಡುತ್ತಿದ್ದೆ.

"ಮೂವತ್ನಾಲ್ಕು ವಯಸ್ಸು ಗುರು, ಓಡಕ್ಕೇ ಆಗಲ್ಲ. ಎರಡನೇ ಸುತ್ತು ಸಿಕ್ಕಿದ್ದೇ ಜಾಸ್ತಿ," ಎಂದೆ.

"ಹಂಗಾದ್ರ ನನ್ನ ಕೊಟ್ರ ಏನ್ ಸಿಗತೈತಿ?" ನಗುತ್ತಾ ಕೇಳಿದ.

ನಾನೂ ನಗುತ್ತಲೇ, ಟಿವಿಯಲ್ಲಿ ವಿಶ್ಲೇಷಣೆ ಮಾಡುವವರ ಗತ್ತಿನಲ್ಲಿ ದನಿ ಏರಿಸಿದೆ. "ನಿನ್ನಾ? ಮೂವತ್ತಾರು ವಯಸ್ಸು. ಬಲ ಮೊಣಕಾಲು ಹೋಗಿದೆ, ಊಟ ಆದ್ಮೇಲೆ ನಿಂತ್ಕೊಳ್ಳಕ್ಕೇ ಆಗಲ್ಲ. ಮುಂದಿನ ತಿಂಗಳು ಕಾಂಟ್ರಾಕ್ಟ್ ಮುಗಿಯತ್ತೆ. ಒಬ್ಬ ಟ್ರೈನಿ ಸಿಕ್ಕಿದ್ರೆ ನಮ್ ಪುಣ್ಯ ಕಣೋ!"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಬೆನ್ನ ಹಿಂದೆ ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಟೀ ಕುಡಿಯುತ್ತಿದ್ದರು. ಲೋಟ ಇಡಲು ತಿರುಗಿದವರು ಅವನ ಕಾಲನ್ನೊಮ್ಮೆ ನೋಡಿದರು. ಅವನು ಅವರನ್ನು ಗಮನಿಸಲೇ ಇಲ್ಲ.

ನಮ್ಮಲ್ಲಿ ಕಾಂಟ್ರಾಕ್ಟ್ ಆಳುಗಳ ಅದಲುಬದಲು ಮಾಮೂಲು. ಬೇಡವಾದವನನ್ನು ವಾಪಸು ಕಳಿಸಿದರೆ ಕಾಂಟ್ರಾಕ್ಟರ್ ಇನ್ನೊಬ್ಬನನ್ನು ಕೊಡುತ್ತಾನೆ. ಸೋಮವಾರ ಗೇಟಿನಲ್ಲಿ ಇವನ ಕಾರ್ಡು ಕೆಲಸ ಮಾಡಲಿಲ್ಲ. ನಿಂತು ಮಾಡುವ ಕೆಲಸಕ್ಕೆ ಫಿಟ್ ಇಲ್ಲವೆಂದು ವಾಪಸು ಮಾಡಿದ್ದರು. ಬದಲಿಗೆ ಬರುವವನು ಇನ್ನೂ ಐಟಿಐ ಪರೀಕ್ಷೆಯನ್ನೇ ಬರೆದಿರಲಿಲ್ಲ.

ಮ್ಯಾನೇಜರ್ ಬಳಿ ಓಡಿದೆ. "ಅದು ತಮಾಷೆಗೆ ಹೇಳಿದ್ದು ಸಾರ್."

"ಹಾಗಾದ್ರೆ ಮೊಣಕಾಲು ಚೆನ್ನಾಗಿದ್ಯಾ?" ಎಂದರು.

ಹೌದು ಎಂದಿದ್ದರೆ ಮುಗಿಯುತ್ತಿತ್ತೋ ಏನೋ. ಟೀ ಅಂಗಡಿಯಲ್ಲಿ ಅಷ್ಟು ಹರಿದ ನನ್ನ ಹಾಳು ಬಾಯಿಗೆ ಅಲ್ಲಿ ಒಂದು ಸುಳ್ಳು ಬರಲಿಲ್ಲ. ಅವತ್ತಿನಿಂದ ನನ್ನ ಮುಖ ಕಂಡರೆ ನನಗೇ ಆಗುವುದಿಲ್ಲ.

ಹೊರಗೆ ಬಂದಾಗ ಅವನು ಊಟದ ಡಬ್ಬಿ ಹಿಡಿದು ಕಾಂಪೌಂಡಿಗೆ ಒರಗಿ ನಿಂತಿದ್ದ.

"ಕಾಲಿಂದು ಯಾರಿಗೂ ಹೇಳಿಲ್ಲಲೇ ನಾನು. ಅವರಿಗೆ ಹೆಂಗ ಗೊತ್ತಾತು?"

ನಮ್ಮ ಟೀ ಹೊತ್ತಿನ ಹರಟೆ ಅವನಿಗೆ ನೆನಪಿಗೂ ಬಂದಿರಲಿಲ್ಲ. ಅವನ ಪಾಲಿಗೆ ಅದು ಬರೀ ಬಾಸ್ಕೆಟ್‌ಬಾಲ್.

"ಗೊತ್ತಿಲ್ಲ ಗುರು," ಎಂದೆ.

ಅವನು ನಂಬಿದ. ಈಗಲೂ, ಎಲ್ಲಾದರೂ ಕೂತು ಮಾಡುವ ಕೆಲಸವಿದ್ದರೆ ಹೇಳು ಎಂದು ನನಗೇ ಫೋನ್ ಮಾಡುತ್ತಾನೆ.